ಏರ್‌ಗನ್ನಿನ ಅಳು ನಿಲ್ಲಿಸಿದವರು

ಅವರ ಗಡ್ಡ ಎಡಗಡೆ ಬಿಳಿ, ಬಲಗಡೆ ಕಪ್ಪು. ಮೊದಲ ಸಲ ನೋಡಿದವರು, ಬಣ್ಣ ಹಚ್ಚಿಕೊಳ್ಳುವಾಗ ಅರ್ಧಕ್ಕೆ ಯಾರೋ ಕರೆದಿರಬೇಕು ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡೆ. ಅದು ಬಣ್ಣವಲ್ಲ, ಗ್ರೀಸು. ರಿಪೇರಿಗೆ ಬಂದ ಏರ್‌ಗನ್ನನ್ನು ಎತ್ತಿ, ಅದರ ಮರದ ಹಿಡಿಯನ್ನು ಬಲ ದವಡೆಗೆ ಒತ್ತಿ, ಕಣ್ಣು ಮುಚ್ಚಿ ಟ್ರಿಗರ್ ಎಳೆಯುತ್ತಿದ್ದರು. ಗುಂಡು ಎದುರಿಗಿದ್ದ, ತೆಂಗಿನ ನಾರು ತುಂಬಿದ ಪೆಟ್ಟಿಗೆಗೆ ಹೋಗಿ ಬೀಳುತ್ತಿತ್ತು. ಅದು ಎಲ್ಲಿಗೆ ಹೋಯಿತೆಂದು ಅವರು ನೋಡುತ್ತಲೇ ಇರಲಿಲ್ಲ. ಹೊಡೆದ ಮೇಲೂ ಸ್ವಲ್ಪ ಹೊತ್ತು ಹಾಗೇ, ಹಲ್ಲುನೋವು ಬಂದವರ ಥರ ಮುಖ ಕಿವುಚಿಕೊಂಡು ನಿಂತಿರುತ್ತಿದ್ದರು. ಅವರಿಗೆ ಕಿವಿ ಮಂದ. ಪ್ರಾಯದಲ್ಲಿ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿನ ಸದ್ದು ಎರಡೂ ಕಿವಿಯನ್ನು ತಿಂದುಹಾಕಿತ್ತು. ಅವತ್ತಿನಿಂದ ಯಂತ್ರಗಳನ್ನು ಮೂಳೆಯಿಂದ ಕೇಳುವುದು ಅಭ್ಯಾಸವಾಗಿತ್ತು.

ಎಲ್ಲರೂ ಅವರನ್ನು ಸಾಬ್ರು ಅನ್ನುತ್ತಿದ್ದರು. ನಾನು ಮಿಸ್ತ್ರಿಗಳೇ ಅನ್ನುತ್ತಿದ್ದೆ. ತಿಪಟೂರಿನ ಬಸ್ ನಿಲ್ದಾಣದಿಂದ ಕೊಬ್ಬರಿ ಮಾರ್ಕೆಟ್ಟಿನ ಕಡೆ ಹೋಗುವಾಗ ಸಿಗುವ ಒಂದು ಓಣಿಯಲ್ಲಿ ಅವರ ಅಂಗಡಿ. ಬೋರ್ಡಿನ ಮೇಲೆ ಇದ್ದದ್ದು ‘ಹೊಲಿಗೆ ಯಂತ್ರ ರಿಪೇರಿ’ ಅಂತ ಮಾತ್ರ. ಆದರೆ ಗೋಡೆಗೆ ಒರಗಿಸಿದ ಏರ್‌ಗನ್ನುಗಳು ಹೊಲಿಗೆ ಯಂತ್ರಗಳಿಗಿಂತ ಹೆಚ್ಚಿರುತ್ತಿದ್ದವು. ನಮ್ಮ ಕಡೆ ಮೂರು ತಾಲ್ಲೂಕಿನಲ್ಲೂ ತೆಂಗಿನ ತೋಟವಿದ್ದ ಕಡೆಯೆಲ್ಲ ಕೋತಿ ಇದೆ, ಕೋತಿ ಇದ್ದ ಕಡೆಯೆಲ್ಲ ಒಂದು ಏರ್‌ಗನ್ನು ಇದೆ. ಕೋತಿಗೆ ಹೊಡೆಯಲಿಕ್ಕಲ್ಲ, ಹೆದರಿಸಲಿಕ್ಕೆ. ಹೊಡೆಯುವುದಕ್ಕೆ ನಮ್ಮವರಿಗೆ ಮನಸ್ಸು ಬರುವುದಿಲ್ಲ. ಶನಿವಾರ ಹಣ್ಣುಕಾಯಿ ಮಾಡಿಸಿಕೊಂಡು ಬಂದ ಕೈಯಲ್ಲಿ ಭಾನುವಾರ ಅದಕ್ಕೇ ಗುರಿಯಿಡುವುದು ಹೇಗೆ? ಅದಕ್ಕೇ ಎಲ್ಲರಿಗೂ ಬೇಕಾದದ್ದು ಸದ್ದು.

ಮಿಸ್ತ್ರಿಗಳಿಗೆ ಬೇಡವಾದದ್ದೂ ಅದೇ. “ಸದ್ದು ಮಾಡ್ತಾ ಐತೆ ಅಂದ್ರೆ ಎಲ್ಲೋ ಸವೀತಾ ಐತೆ ಅಂತ,” ಅನ್ನುವರು. ಹೊಲಿಗೆ ಯಂತ್ರಕ್ಕೂ ಅದೇ ಮಾತು, ಏರ್‌ಗನ್ನಿಗೂ ಅದೇ ಮಾತು.

ಜನ ಸದ್ದಿಗಾಗಿ ಏನು ಮಾಡುತ್ತಿದ್ದರು ಅನ್ನುವುದನ್ನು ಹೇಳಬೇಕು. ಈ ಏರ್‌ಗನ್ನಿನ ಹೊಟ್ಟೆಯಲ್ಲಿ ಒಂದು ದಪ್ಪ ಸ್ಪ್ರಿಂಗ್ ಇದೆ. ನಳಿಗೆಯನ್ನು ಬಗ್ಗಿಸಿದರೆ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ಗಾಳಿಯನ್ನು ತಳ್ಳುತ್ತದೆ, ಗಾಳಿ ಗುಂಡನ್ನು ತಳ್ಳುತ್ತದೆ. ಅಷ್ಟೇ. ಆ ಗಾಳಿಯ ಜಾಗಕ್ಕೆ ಎರಡು ಹನಿ ಎಣ್ಣೆ ಬಿಟ್ಟರೆ, ಅದುಮಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿಕೊಂಡು ಢಂ ಅನ್ನುತ್ತದೆ. ನಳಿಗೆಯ ಬಾಯಲ್ಲಿ ಹೊಗೆ ಬರುತ್ತದೆ. ತೋಟದ ಯಜಮಾನನಿಗೆ ಮೀಸೆ ಬಂದ ಹಾಗಾಗುತ್ತದೆ. ಕೊಬ್ಬರಿ ಎಣ್ಣೆಗೆ ನಮ್ಮಲ್ಲೇನು ಬರ? ಎಲ್ಲರೂ ಬಿಡುವವರೇ. ಒಳಗಿನ ತೊಗಲಿನ ವಾಷರು ಸುಟ್ಟುಹೋಗುತ್ತದೆ, ಸ್ಪ್ರಿಂಗ್ ಮುರಿಯುತ್ತದೆ ಅನ್ನುವುದು ಆಮೇಲಿನ ಮಾತು. ಅದಕ್ಕಿಂತ ಮೊದಲು ಮಾರ್ಗಶಿರದ ಚಳಿ ಬರುತ್ತದೆ. ಆವಾಗ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ಪಿಸ್ಟನ್ನು ಒಳಗೇ ಹೆಪ್ಪುಗಟ್ಟಿ ಕೂರುತ್ತದೆ. ಚಳಿಗಾಲದ ಸೋಮವಾರ ಮಿಸ್ತ್ರಿಗಳ ಅಂಗಡಿ ಮುಂದೆ ಸಾಲು ನಿಂತಿರುತ್ತಿತ್ತು.

ನಾನು ಮೊದಲ ಸಲ ಹೋದ ದಿನ ಹುಳಿಯಾರು ಕಡೆಯವರೊಬ್ಬರು ನನಗಿಂತ ಮುಂದೆ ಕೂತಿದ್ದರು.

“ಸಾಬ್ರೇ, ಅಲ್ಲಾಡಲ್ಲ ಕಣ್ರೀ ಇದು. ಹಿಡ್ಕಂಡ್‌ಬುಟ್ಟೈತೆ.”

“ಏನ್ ಹಾಕಿದ್ರಿ?”

“ಏನೂ ಹಾಕಿಲ್ಲ.”

ಮಿಸ್ತ್ರಿಗಳು ಬಿಚ್ಚಿದರು. ಕಡ್ಡಿಯ ತುದಿಯಲ್ಲಿ ಬೆಳ್ಳಗಿನ ಉಂಡೆ ತೆಗೆದು, ಮೂಸಿ, ಅವರ ಮುಂದೆ ಹಿಡಿದರು. “ಏನೂ ಹಾಕ್ದಲೆ ಬೆಣ್ಣೆ ಬಂತಾ? ಹಂಗಾದ್ರೆ ಯಾಕೆ ರಿಪೇರಿ? ಕೊಟ್ಟಿಗೇಲಿ ಕಟ್ಟಿ, ಎರಡು ಹೊತ್ತೂ ಕರ್ಕೊಳ್ಳಿ.”

“ಎರಡೇ ಹನಿ ಸಾಬ್ರೇ... ಸದ್ದು ಬರ್ಲಿ ಅಂತ.”

“ಎಣ್ಣೆ ಚೆನ್ನಾಗೈತೆ. ತಲೆಗೆ ಹಚ್ಕೊಳ್ಳಿ, ತಣ್ಣಗಿರ್ತದೆ.”

ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅದೇ ತಪ್ಪನ್ನು ನೂರು ಸಲ ಬಿಚ್ಚಿ ತೊಳೆದ ಮನುಷ್ಯನ ದನಿ ಅದು. ದಣಿದ ದನಿ.

ನಾನು ಹೋದ ಕಾರಣ ಬೇರೆ. ದಬ್ಬೇಘಟ್ಟದ ಹತ್ತಿರ ನಮ್ಮದು ನಲವತ್ತೆರಡು ಮರದ ತೋಟ, ಹಿತ್ತಿಲಿನಿಂದ ಕೆರೆ ಏರಿಯ ಕಡೆಗೆ ಆರಾರು ಮರದ ಏಳು ಸಾಲು. ನಾನು ಮದುವೆಯಾಗಿ ಬಂದ ವರ್ಷ ಇಟ್ಟ ಸಸಿಗಳು. ಮೊದಲ ಮೂರು ಬೇಸಿಗೆ ಅವಕ್ಕೆ ಬಾವಿಯಿಂದ ಕೊಡದಲ್ಲಿ ನೀರು ಹೊತ್ತಿದ್ದೇನೆ. ಯಾವ ಮರ ಕಾಯಿ ಸಣ್ಣದು ಬಿಡುತ್ತದೆ, ಯಾವುದು ಎಳೆ ಹರಳುಕಾಯಿ ಉದುರಿಸುತ್ತದೆ, ಯಾವುದು ಮಳೆ ಬಂದ ತಿಂಗಳಿಗೆ ಎಚ್ಚರಾಗುತ್ತದೆ ಎಲ್ಲ ಗೊತ್ತು. ನಮ್ಮ ಮನೆಯವರು ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಹಾಲು ಅಳೆಯುವ ಹೊತ್ತಿಗೆ ಸರಿಯಾಗಿ ಅವರು ಅಲ್ಲಿರಬೇಕು. ಕೋತಿಗಳೂ ಅದೇ ಹೊತ್ತಿಗೆ ಸರಿಯಾಗಿ ಬರುತ್ತವೆ. ಹಾಗಾಗಿ ಕಾಯುವ ಕೆಲಸ ನನ್ನದು. ಹಿತ್ತಿಲ ಕಟ್ಟೆಯ ಮೇಲೆ ಕೂರುವುದು, ಮಾವನವರ ಕಾಲದ ಏರ್‌ಗನ್ನು ತೊಡೆಯ ಮೇಲೆ, ಕಾಫಿ ಪಕ್ಕದಲ್ಲಿ ಆರುತ್ತಾ. ಬಂದರೆ ಹೊಡೆಯುವುದು, ಓಡಿದರೆ ಕೂರುವುದು, ಮತ್ತೆ ಬಂದರೆ ಮತ್ತೆ. ಹಬ್ಬ, ಜ್ವರ, ನೆಂಟರು ಯಾವುದೂ ಕೋತಿಗೆ ಗೊತ್ತಾಗುವುದಿಲ್ಲ. ಇದು ಮುಗಿಯುವ ಕೆಲಸವಲ್ಲ ಅನ್ನುವುದು ಗೊತ್ತಾದ ಮೇಲೆ ಬೇಜಾರೂ ಆಗುವುದಿಲ್ಲ. ಸುಸ್ತು ಮಾತ್ರ ಆಗುತ್ತದೆ.

ಆ ವರ್ಷ ಕೊಟ್ಟಿಗೆಯ ಕಲ್ಲುಚಪ್ಪಡಿಯ ಮೇಲೆ ಜಾರಿ ಬಿದ್ದು ನನ್ನ ಬಲಭುಜದ ಕಾಲರ್ ಮೂಳೆ ಮುರಿಯಿತು. ತುಮಕೂರಿಗೆ ಹೋಗಿ ಪ್ಲೇಟು ಹಾಕಿಸಿಕೊಂಡು ಬಂದೆ. ಮೂರು ತಿಂಗಳ ಮೇಲೆ ಮತ್ತೆ ಕಟ್ಟೆಯ ಮೇಲೆ ಕೂತು ಒಂದು ಗುಂಡು ಹೊಡೆದೆ. ಅದರ ಹಿಡಿ ಭುಜಕ್ಕೆ ಬಡಿದು, ಸ್ಪ್ರಿಂಗು ಟಂಯ್ ಅಂತ ನಡುಗಿದ್ದು ನೇರ ಆ ಪ್ಲೇಟಿಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ಅವತ್ತು ಇಡೀ ದಿನ ಕೈ ಎತ್ತಲಾಗಲಿಲ್ಲ. ಎಡಭುಜಕ್ಕೆ ಇಟ್ಟು ನೋಡಿದೆ. ನನಗೆ ಎಡಗಣ್ಣಲ್ಲಿ ಗುರಿ ನಿಲ್ಲುವುದಿಲ್ಲ.

“ತೋಟ ಗುತ್ತಿಗೆಗೆ ಕೊಟ್ಬುಡಾನ ಕಣೇ,” ಅಂದರು ನಮ್ಮ ಮನೆಯವರು. “ನಿನ್ ಕೈಲೂ ಆಗಲ್ಲ, ನನಗೂ ಡೈರಿ ಬಿಡಕ್ಕಾಗಲ್ಲ. ಯಾರಾದ್ರೂ ಗಂಡಾಳು ಕಾಯ್ಕೊಳ್ಳಲಿ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಮಾರನೆಯ ಸೋಮವಾರ ಗನ್ನನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ಎಡಗೈಯಲ್ಲಿ ಹಿಡಿದು ಬಸ್ಸು ಹತ್ತಿದೆ.

ಮಿಸ್ತ್ರಿಗಳು ಗನ್ನನ್ನು ದವಡೆಗಿಟ್ಟು ಒಂದು ಗುಂಡು ಹೊಡೆದರು. ಎಂದಿನಂತೆ ಮುಖ ಕಿವುಚಿದರು.

“ಇದು ಮೊದ್ಲು ಹಿಂದಕ್ಕೆ ಒದೀತದೆ, ಆಮೇಲೆ ಮುಂದಕ್ಕೆ ಒದೀತದೆ, ಆಮೇಲೆ ಅಳ್ತದೆ,” ಅಂದರು. “ಅಳು ನಿಲ್ಲಿಸ್ಬೋದಮ್ಮ. ಒದೆ ಕಮ್ಮಿ ಮಾಡ್ಬೋದು. ಪೂರಾ ಹೋಗಲ್ಲ, ಸುಳ್ಳು ಹೇಳಲ್ಲ.”

“ಅಷ್ಟಾದ್ರೂ ಸಾಕು ಮಿಸ್ತ್ರಿಗಳೇ. ಭುಜಕ್ಕೆ ತಡ್ಕೊಳ್ಳೋ ಹಂಗಿದ್ರೆ ಸಾಕು.”

“ಹಂಗಾದ್ರೆ ಎಕ್ಸ್‌ರೇ ತನ್ನಿ.”

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಮುಂದಿನ ಸೋಮವಾರ ತೆಗೆದುಕೊಂಡು ಹೋದೆ. ಅಂಗಡಿ ಬಾಗಿಲಿನ ಬೆಳಕಿಗೆ ಅದನ್ನು ಹಿಡಿದು, ಡಾಕ್ಟರೂ ಅಷ್ಟು ಹೊತ್ತು ನೋಡಿರಲಿಲ್ಲ, ಅಷ್ಟು ಹೊತ್ತು ನೋಡಿದರು. “ಆರು ಸ್ಕ್ರೂ ಹಾಕವ್ರೆ. ಚೆನ್ನಾಗಿ ಕೂರಿಸವ್ರೆ,” ಅಂತ ಮೆಚ್ಚಿಕೊಂಡರು. ಆಮೇಲೆ ನನ್ನ ಕೈಗೆ ಖಾಲಿ ಗನ್ನು ಕೊಟ್ಟು, ಭುಜದ ಮೇಲೆ ಎಲ್ಲಿ ಕೂರುತ್ತದೆ ತೋರಿಸಿ ಅಂದರು. ತಾವು ಮುಟ್ಟಲಿಲ್ಲ, ಹೊಲಿಗೆಯವರ ಟೇಪನ್ನು ನನಗೇ ಕೊಟ್ಟು ಅಳತೆ ಹೇಳಿಸಿಕೊಂಡರು.

ಅದಕ್ಕೆ ಮೂರು ವಾರ ಹಿಡಿಯಿತು. ಹೋದಾಗಲೆಲ್ಲ ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಹಳೆಯ ಸ್ಪ್ರಿಂಗಿನ ಒಳಗೆ ಹಾಯುವ ಸರಳು ಸಡಿಲವಾಗಿತ್ತು, ಸ್ಪ್ರಿಂಗ್ ಅದರ ಮೇಲೆ ಕುಣಿಯುತ್ತಿತ್ತು, ಅಳು ಅಂದರೆ ಆ ಕುಣಿತ. ನೈಲಾನ್ ಸರಳು ತಂದು ಲೇತಿನವರ ಹತ್ತಿರ ಕಡೆಸಿದರು. ಬಿಗಿಯಾಯಿತೆಂದು ವಾಪಸು ಕಳಿಸಿದರು, ಸಡಿಲವಾಯಿತೆಂದು ಇನ್ನೊಂದು ಮಾಡಿಸಿದರು. ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿ, ತುದಿಯನ್ನು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಚಪ್ಪಟೆ ಮಾಡಿದರು. ಸೋಡಾ ಬಾಟಲಿಯ ಪ್ಲಾಸ್ಟಿಕ್ಕನ್ನು ಪಟ್ಟಿ ಕತ್ತರಿಸಿ ಪಿಸ್ಟನ್ನಿನ ಒಳಗೆ ಸುತ್ತಿದರು, ಕಬ್ಬಿಣಕ್ಕೆ ಕಬ್ಬಿಣ ತಾಗದಿರಲಿ ಅಂತ. ಹೊಸ ತೊಗಲಿನ ವಾಷರು ಕೂರಿಸಿದರು. ಬೆರಳ ತುದಿಯಲ್ಲಿ ಹತ್ತುವಷ್ಟೇ ಕರಿ ಗ್ರೀಸು, ಅದಕ್ಕಿಂತ ಹೆಚ್ಚಿಲ್ಲ. ಕಡೆಗೆ ಹಿಡಿಯ ಹಿಂಭಾಗವನ್ನು ನನ್ನ ಅಳತೆಗೆ ಕೆತ್ತಿ, ಹವಾಯಿ ಚಪ್ಪಲಿಯ ರಬ್ಬರು ಅಂಟಿಸಿದರು. ಒಂದೊಂದು ಸಲ ಜೋಡಿಸಿದಾಗಲೂ ದವಡೆಗಿಟ್ಟು ಹೊಡೆಯುವುದು, ತಲೆಯಲ್ಲಾಡಿಸುವುದು, “ಇನ್ನೂ ಐತೆ,” ಅನ್ನುವುದು, ಮತ್ತೆ ಬಿಚ್ಚುವುದು. ನನಗಂತೂ ಎರಡನೆಯ ವಾರಕ್ಕೇ ಏನೂ ಕೇಳುತ್ತಿರಲಿಲ್ಲ. ಅವರಿಗೆ ಇನ್ನೂ ಇತ್ತು.

ಮೂರನೆಯ ವಾರ ನನಗೇ ಕೊಟ್ಟರು. ಹೆದರಿ ಹೆದರಿ ಭುಜಕ್ಕಿಟ್ಟು ಎಳೆದೆ. ಟಪ್. ಬೀರುವಿನ ಬಾಗಿಲು ಹಾಕಿದ ಹಾಗೆ. ಭುಜದಲ್ಲಿ ಯಾರೋ ಬೆರಳಿಟ್ಟು ತೆಗೆದಂತಾಯಿತು, ಅಷ್ಟೇ. ನಾನು ಕೇಳಿಸಿತೋ ಇಲ್ಲವೋ ಅಂತ ಅವರ ಮುಖ ನೋಡಿದರೆ, ಅವರು ನನ್ನ ಕಣ್ಣು ನೋಡುತ್ತಿದ್ದರು, ನೀರು ಬಂತೋ ಅಂತ. ಬಂದಿರಲಿಲ್ಲ. “ಆಯ್ತು ಹೋಗಿ,” ಅಂದರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಾರನೆಯ ಬೆಳಿಗ್ಗೆ ದೊಡ್ಡ ಗಂಡುಕೋತಿ ಬಂದು ಐದನೆಯ ಸಾಲಿನ ಮರದಲ್ಲಿ ಕೂತು ಎಳನೀರು ತಿರುಚಿತು. ನಾನು ಹೊಡೆದೆ. ಟಪ್. ಅದು ನನ್ನ ಕಡೆ ತಿರುಗಿ ನೋಡಿ, ಎಳನೀರನ್ನು ಹಲ್ಲಿನಿಂದ ಕಚ್ಚಿ ತೂತು ಮಾಡಿ ಕುಡಿಯಿತು. ಇನ್ನೊಂದು ಹೊಡೆದೆ. ಹಿಂದಿನಿಂದ ಅದರ ಸಂಸಾರವೆಲ್ಲ ಇಳಿಯಿತು.

ಪಕ್ಕದ ತೋಟ ನನ್ನ ಮೈದುನನದು. ಬೇಲಿಯ ಹತ್ತಿರ ನಿಂತು ನೋಡುತ್ತಿದ್ದ.

“ಅತ್ತಿಗೆ, ಅದೇನು ಗನ್ನಾ, ಕೆಮ್ಮಾ?”

“ಸುಮ್ನಿರಪ್ಪ.”

“ಸಾಬ್ರು ಮೂರು ವಾರ ಕೂತು ಗನ್ನಿಗೆ ಕೆಮ್ಮಿನ ಔಷಧಿ ಕುಡಿಸವ್ರೆ ಕಣತ್ತಿಗೆ. ತನ್ನಿ ಇಲ್ಲಿ, ಎರಡು ಹನಿ ಬಿಡಾನ.”

ಅವನು ಬಿಟ್ಟ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಒಳಗೆ ಹೋಗಿ ಕನ್ನಡಿಯ ಹತ್ತಿರದ ಕೊಬ್ಬರಿ ಎಣ್ಣೆಯ ಬಾಟಲಿ ತಂದುಕೊಟ್ಟವಳು ನಾನೇ. ಅಷ್ಟು ದಣಿದಿದ್ದೆ. ಹುಳಿಯಾರಿನವರ ಮುಂದೆ ಹಿಡಿದ ಆ ಬಿಳಿ ಉಂಡೆ ಕಣ್ಣ ಮುಂದೆ ಬಂದರೂ ತಂದುಕೊಟ್ಟೆ. ಢಂ ಅಂದಿತು. ಕೋತಿಗಳು ಕೆರೆ ಏರಿಯವರೆಗೂ ಓಡಿದವು. ಭುಜವೂ ಅಂದಿತು, ಸಹಿಸಿಕೊಂಡೆ. ಎಂಟು ದಿನ ದಿನಕ್ಕೆರಡು ಹನಿ ಬಿಟ್ಟುಕೊಂಡು, ಭುಜಕ್ಕೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಂಡು ಕಾದೆ. ಒಂಬತ್ತನೆಯ ದಿನ ಒಳಗೆ ಏನೋ ಖಟ್ ಅಂದು, ನಳಿಗೆ ಬಗ್ಗಿಸಿದರೆ ಸುಮ್ಮನೆ ತೂಗಾಡಿತು.

ತಿಪಟೂರಿಗೆ ಹೋಗಲು ಹದಿನೈದು ದಿನ ಮುಖವಿರಲಿಲ್ಲ. ಹೋದೆ. ಮಿಸ್ತ್ರಿಗಳು ಬಿಚ್ಚಲಿಲ್ಲ, ನಳಿಗೆಯ ಬಾಯಿ ಮೂಸಿದರು. ಬೆಂಚಿನ ಮೇಲೆ ಇಟ್ಟರು. ಚಾ ತರಿಸಿದರು. ಅದನ್ನು ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. ನನಗೆ ಬೈದಿದ್ದರೆ ಚೆನ್ನಾಗಿತ್ತು.

“ಕೋತಿ ಹೆದರ್ಲಿಲ್ವಾ?” ಅಂದರು ಕಡೆಗೆ.

“ಇಲ್ಲ.”

“ತಪ್ಪು ನಂದೇ ಕಣಮ್ಮ. ಗನ್ನು ನೋಡ್ದೆ, ಎಕ್ಸ್‌ರೇ ನೋಡ್ದೆ. ಕೋತಿ ನೋಡ್ಲಿಲ್ಲ.”

ಗುರುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಅವರು ನಮ್ಮೂರಲ್ಲಿ ಇಳಿದಾಗ ನನಗೆ ನಂಬಿಕೆಯಾಗಲಿಲ್ಲ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಹೊಸ ಸ್ಪ್ರಿಂಗ್ ಹಾಕಿ ಸರಿಮಾಡಿದ ನನ್ನ ಗನ್ನು, ಇನ್ನೊಂದು ಚೀಲದಲ್ಲಿ ಎಣ್ಣೆ ಡಬ್ಬಗಳ ನಾಲ್ಕೈದು ತಗಡಿನ ಮುಚ್ಚಳ. ಆ ದಿನ ಪೂರ್ತಿ ಹಿತ್ತಿಲ ಕಟ್ಟೆಯ ಮೇಲೆ ಕೂತರು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. “ಮುದ್ದೆ ಮಾತ್ರ ಸದ್ದಿಲ್ದಲೆ ಇಳೀತದೆ ನೋಡಿ,” ಅಂದರು. ಸಂಜೆ ಕೋತಿಗಳು ಬಂದವು. ಅವುಗಳನ್ನು ಓಡಿಸಬೇಡಿ ಅಂದರು. ನನ್ನ ಕಣ್ಣೆದುರೇ ಒಂದು ಗಂಟೆ ಅವು ತೋಟ ಸೂರೆ ಮಾಡಿದವು. ಮಿಸ್ತ್ರಿಗಳು ಹಣೆಗೆ ಕೈ ಅಡ್ಡ ಇಟ್ಟುಕೊಂಡು ನೋಡಿದರು.

“ಎಲ್ಲವೂ ಒಂದೇ ದಾರೀಲಿ ಬರ್ತವೆ. ಏರಿ ಮೇಲಿನ ಹೊಂಗೆ ಮರ, ಆಮೇಲೆ ಕಡೇ ಸಾಲು. ದೊಡ್ಡದು ಐದನೇ ಸಾಲಲ್ಲಿ ಕೂತು ನೋಡ್ತದೆ, ಏನಿಲ್ಲ ಅಂದ್ರೆ ಮಿಕ್ಕವು ಬರ್ತವೆ. ಅದು ಕೂರೋ ಜಾಗದಲ್ಲಿ ಸದ್ದಾಗ್ಬೇಕು. ನಿಮ್ಮ ಭುಜದಲ್ಲಿ ಸದ್ದಾಗಿ ಏನ್ ಪ್ರಯೋಜನ?”

ಮರ ಹತ್ತುವವನನ್ನು ಕರೆಸಿ, ಐದನೆಯ ಸಾಲಿನ ಮೂರು ಮರಗಳಿಗೆ ಮುಚ್ಚಳಗಳನ್ನು ತಂತಿಯಲ್ಲಿ ತೂಗುಹಾಕಿಸಿದರು. ಗುಂಡು ಬಡಿದರೆ ಮಣ್ಣಿಗೇ ಬೀಳಬೇಕು, ಈಚೆ ಬರಬಾರದು ಅಂತ ಒಂದೊಂದನ್ನೂ ಕೆಳಮುಖ ಬಾಗಿಸಿ ಕಟ್ಟಿಸಿದರು. “ಕಡೇ ಎರಡು ಸಾಲು ಬಿಡಿ ಅವಕ್ಕೆ,” ಅಂದರು. “ಅಷ್ಟು ದೂರ ಈ ಗನ್ನು ಮುಟ್ಟಲ್ಲ. ಅವೂ ಎಲ್ಲಿಗೋದಾವು?”

ಮಾರನೆಯ ಬೆಳಿಗ್ಗೆ ದೊಡ್ಡ ಕೋತಿ ಐದನೆಯ ಸಾಲಿಗೆ ಬಂತು. ಉಸಿರು ಹಿಡಿದು ತಗಡಿಗೆ ಗುರಿಯಿಟ್ಟೆ. ನಡುಗದ ಗನ್ನು, ಗುಂಡು ಹೇಳಿದ ಕಡೆ ಹೋಗುತ್ತದೆ. ಅದು ಅವತ್ತು ನನಗೆ ಅರ್ಥವಾಯಿತು. ನನ್ನ ಕಡೆ ಟಪ್. ಅದರ ಕಿವಿಯ ಪಕ್ಕ ಟಣ್! ಕೋತಿ ಮೇಲೆ ನೋಡಿತು, ಕೆಳಗೆ ನೋಡಿತು, ಯಾರು ಹೊಡೆದರು ಅನ್ನುವುದೇ ಗೊತ್ತಾಗದೆ ಸೋಗೆಯಿಂದ ಸೋಗೆಗೆ ಬಿದ್ದು ಓಡಿತು. ಬೇಲಿಯಾಚೆ ಮೈದುನ ಬಾಯಿ ತೆರೆದುಕೊಂಡು ನಿಂತಿದ್ದ. ನಾನು ಇನ್ನೊಂದು ಗುಂಡು ಹಾಕಿಕೊಂಡೆ. ನಮ್ಮ ಮನೆಯವರು ಗುತ್ತಿಗೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಹಾಗಂತ ಕೋತಿಗಳೇನು ಸೋಲುವ ಜಾತಿಯಲ್ಲ. ತಿಂಗಳು ಕಳೆದರೆ ತಗಡಿನ ಜಾಗ ತಿಳಿದುಕೊಳ್ಳುತ್ತಿದ್ದವು, ಪಕ್ಕದ ಮರಕ್ಕೆ ಬದಲಿಸಬೇಕಾಗುತ್ತಿತ್ತು. ಕಾಯುವುದು ತಪ್ಪಲಿಲ್ಲ. ಅದೇ ಕಟ್ಟೆ, ಅದೇ ಆರಿದ ಕಾಫಿ. ಭುಜ ಮಾತ್ರ ನನ್ನದಾಗಿ ಉಳಿಯಿತು. ವರ್ಷಕ್ಕೆರಡು ಸಲ ತಿಪಟೂರಿಗೆ ಹೋದಾಗ ಗನ್ನು ತೋರಿಸಿ ಬರುತ್ತಿದ್ದೆ. ಅವರು ಮೊದಲು ಕೇಳುತ್ತಿದ್ದದ್ದು ಭುಜವನ್ನು. “ಸ್ಕ್ರೂ ಆರೂ ಅವಾ?” ಅನ್ನುವರು. “ಅವೆ,” ಅನ್ನುವೆ.

ಆಮೇಲೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಅವರಿಗೆ ಕೈ ನಡುಕ ಬಂತು. ಅಂಗಡಿಯಲ್ಲಿ ಮಗ ಮೊಬೈಲ್ ಕವರು, ಚಾರ್ಜರು ಇಟ್ಟುಕೊಂಡ. ಎರಡು ವರ್ಷದ ಹಿಂದೆ ಐದನೆಯ ಸಾಲಿನ ತಗಡು ಬಾರಿಸುವುದು ನಿಂತುಹೋಯಿತು. ಗುಂಡು ಅಲ್ಲಿಗೆ ಹೋಗುವಷ್ಟರಲ್ಲಿ ಸೋತು ಕೆಳಗೆ ಬೀಳುತ್ತಿತ್ತು. ಗನ್ನು ಚೀಲದಲ್ಲಿ ಹಾಕಿಕೊಂಡು, ಮಗನನ್ನು ಕೇಳಿ ಅವರ ಮನೆಗೇ ಹೋದೆ.

ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಗಡ್ಡ ಎರಡೂ ಕಡೆ ಬಿಳಿಯಾಗಿತ್ತು. ಅವರ ಹೆಂಡತಿ ಚಾ ತಂದುಕೊಟ್ಟು, “ನೋಡಿಮ್ಮಾ, ಅಡಿಗೆಮನೆಲಿ ಮಿಕ್ಸಿ ಹಾಕಿದ್ರೆ ಎದ್ದು ಬಂದು ದವಡೆ ಇಟ್ಟು ನೋಡ್ತಾರೆ. ಚಟ್ನಿ ಗಡ್ಡಕ್ಕೆಲ್ಲ,” ಅಂತ ದೂರು ಹೇಳಿದರು.

“ಬುಷ್ ಹೋಗೈತೆ ಅದರದ್ದು,” ಅಂದರು ಮಿಸ್ತ್ರಿಗಳು. ಲೋಟ ಹಿಡಿದ ಕೈ ನಡುಗಿ ಚಾ ತುಳುಕಿತು. ನಾನು ಚೀಲವನ್ನು ಮೆಲ್ಲಗೆ ಕಾಲಿನ ಹಿಂದೆ ಸರಿಸಿದೆ.

“ಏನಮ್ಮಾ ಬಂದಿದ್ದು?”

“ಸುಮ್ನೆ ನೋಡ್ಕೊಂಡ್ ಹೋಗಾಣ ಅಂತ.”

“ಸುಮ್ನೆ ನೋಡೋಕೆ ಬರೋರು ಗನ್ನು ತರ್ತಾರಾ? ಕೊಡಿ ಇಲ್ಲಿ.”

ಒಂದು ಹಳೆಯ ಹತ್ತಿ ದಿಂಬನ್ನು ಗೋಡೆಗೆ ಒರಗಿಸಿದೆವು. ನಳಿಗೆ ಬಗ್ಗಿಸಿ ಗುಂಡು ಹಾಕಿ ಕೊಟ್ಟವಳು ನಾನು. ದವಡೆಗೆ ಒತ್ತಿ ಹಿಡಿದದ್ದು ಅವರು. ನಡುಗುವ ನಳಿಗೆಯ ತುದಿಯನ್ನು ದಿಂಬಿಗೆ ತಾಗಿಸಿ ಹಿಡಿದುಕೊಂಡವಳೂ ನಾನೇ. ಟಪ್ ಅಂದಿತು. ಎಷ್ಟೋ ಹೊತ್ತು ಕಣ್ಣು ತೆರೆಯಲಿಲ್ಲ.

“ಚೆನ್ನಾಗೇ ಐತಲ್ವಾ ಮಿಸ್ತ್ರಿಗಳೇ?” ಅಂದೆ. ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಾಗಲಿಲ್ಲ. ತುಟಿ ನೋಡಿ ತಿಳಿದುಕೊಂಡರು.

“ಸುಳ್ಳು ಯಾಕೆ ಹೇಳ್ತೀರಿ. ಸ್ಪ್ರಿಂಗಿಗೆ ವಯಸ್ಸಾಯ್ತು. ತೊಗಲೂ ಒಣಗೈತೆ. ಬಿಚ್ಚಿದ್ರೆ ಒಂದು ದಿನದ ಕೆಲಸ...” ಅಂತ ತಮ್ಮ ಎರಡೂ ಕೈಯನ್ನು ಮುಂದೆ ಚಾಚಿ ನೋಡಿದರು. ಆ ಕೈಗಳು ಏನು ಹೇಳಿದವೋ, ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡರು. “ಜೋರಾದ ಸ್ಪ್ರಿಂಗ್ ಹಾಕ್ಕೊಡೋರು ಸಿಗ್ತಾರಮ್ಮ. ಹಾಕಿಸ್ಬೇಡಿ. ಭುಜ ಹೋಗ್ತದೆ. ಅದೆಷ್ಟು ದೂರ ಹೋಗ್ತದೋ ಅಷ್ಟೇ ದೂರಕ್ಕೆ ತಗಡು ತಂದ್ಕೊಳ್ಳಿ. ಈಗ ನಾಲ್ಕನೇ ಸಾಲು ಮುಟ್ತದೆ. ಇನ್ನೆರಡು ವರ್ಷಕ್ಕೆ ಮೂರು.”

“ಆಮೇಲೆ?”

“ಆಮೇಲೆ ನನ್ನೇನು ಕೇಳ್ತೀರಿ?” ಅಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರು ಹೋದ ಸುದ್ದಿ ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ, ಅಂಗಡಿಯಲ್ಲಿ ಚಾರ್ಜರು ಕೊಳ್ಳಲು ಹೋದಾಗ. ಮಗ ಎದ್ದು ನಿಂತು ಹೇಳಿದ. ಹುಡುಕಿಕೊಂಡು ಬರುವವರು ಇನ್ನೂ ಬರುತ್ತಾರೆ, ಅಬ್ಬಾ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ ಅಂದ. ಗೋಡೆಗೆ ಒರಗಿಸಿದ ಎರಡು ಗನ್ನು ಆಗಲೂ ಅಲ್ಲೇ ಇದ್ದವು, ಬಿಟ್ಟುಹೋದವರು ಬಂದಿರಲಿಲ್ಲ. ನಾನು ಚಾರ್ಜರು ತೆಗೆದುಕೊಂಡು ಬಸ್ಸು ಹತ್ತಿದೆ. ಅಳು ಬರಲಿಲ್ಲ. ಸೀಟು ಖಾಲಿಯಿದ್ದದ್ದೂ ಗೊತ್ತಾಗದೆ, ಬಸ್ಸು ಬದಲಿಸುವ ತುರುವೇಕೆರೆಯವರೆಗೂ ಕಂಬಿ ಹಿಡಿದು ನಿಂತೇ ಬಂದೆ.

ಮೈದುನ ಹೊಸ ಗನ್ನು ತಂದಾಗ ನನ್ನ ಕೈಗೂ ಕೊಟ್ಟ. ಒಂದೇ ಗುಂಡು ಹೊಡೆದೆ, ಎರಡು ದಿನ ಬಲಮಗ್ಗುಲಿಗೆ ಮಲಗಲಾಗಲಿಲ್ಲ. ಅವನೇ, “ಬ್ಯಾಡ ಬುಡಿ ಅತ್ತಿಗೆ, ನಿಮ್ಮ ಕೆಮ್ಮೇ ವಾಸಿ,” ಅಂದ. ಈಗೀಗ ಅವನೂ ತನ್ನ ತೋಟಕ್ಕೆ ತಗಡು ಕಟ್ಟಿಸಿದ್ದಾನೆ.

ಈ ಯುಗಾದಿ ಕಳೆದ ಮೇಲೆ ನಾಲ್ಕನೆಯ ಸಾಲಿನ ತಗಡೂ ಬಾರಿಸಲಿಲ್ಲ. ಅವತ್ತಿನ ಅದೇ ಮರ ಹತ್ತುವವನನ್ನು ಕರೆಸಿ ಮೂರನೆಯ ಸಾಲಿಗೆ ಕಟ್ಟಿಸಿದೆ. ಈಗ ಮೂರನೆಯ ಸಾಲಿನಿಂದಾಚೆಗೆ ಕೋತಿಗಳದು. ಅಲ್ಲಿ ಬಿದ್ದ ಕಚ್ಚಿದ ಬುರುಡೆಗಳನ್ನು ಗುಡಿಸುವುದನ್ನೂ ಬಿಟ್ಟಿದ್ದೇನೆ. ಅವನು ಇಳಿದು ಬಂದು ಸೊಂಟದ ಹಗ್ಗ ಬಿಚ್ಚುತ್ತಾ ತೋಟದ ಉದ್ದಕ್ಕೂ ಕಣ್ಣು ಹಾಯಿಸಿದ.

“ಅಕ್ಕ, ಹಿಂಗೇ ತತ್ತಾ ಹೋದ್ರೆ ಇನ್ನು ನಾಕು ವರ್ಷಕ್ಕೆ ತಗಡು ನಿಮ್ಮ ಹಿತ್ಲ ಬಾಗಿಲಿಗೇ ಬತ್ತದೆ ಕಣಕ್ಕ.”

“ಬರ್ಲಿ ಬುಡಪ್ಪ,” ಅಂದೆ. “ಅಲ್ಲೀಗಂಟ ಈ ಹದಿನೆಂಟು ಮರ ನಮ್ಮವೇ.”

ಊರ ಕಡೆಯಿಂದ ಡೈರಿಯ ಕ್ಯಾನುಗಳ ಸದ್ದು ಕೇಳಿಸಿತು. ಅವನಿಗೆ ಕಾಫಿ ಕೊಟ್ಟು ಕಳಿಸಿ, ನಳಿಗೆ ಬಗ್ಗಿಸಿ ಗುಂಡು ಹಾಕಿಕೊಂಡು ಹೋಗಿ ಕೂತೆ.